ಪುಸ್ತಕವಿಲ್ಲದ ಸೆಮಿಸ್ಟರ್



ಪ್ರತಿ ವರ್ಷ ಜೂನ್ ತಿಂಗಳಲ್ಲಿ ಪ್ರಥಮ ಪಿಯುಸಿಯ ಹೊಸ ಮುಖಗಳ ಎದುರು ನಿಂತಾಗ ನನಗೆ ಒಬ್ಬ ಅಧ್ಯಾಪಕರ ನೆನಪಾಗುತ್ತದೆ. ಅವರನ್ನು ನಾನು ಕಂಡಿಲ್ಲ. ಇಂಗ್ಲಿಷ್ ಎಂ.ಎ. ಓದುವಾಗ ವಿಮರ್ಶೆಯ ಪಾಠದಲ್ಲಿ ಅವರ ಹೆಸರು ಬರುತ್ತಿತ್ತು. ಪರೀಕ್ಷೆಗೆಂದು ಓದಿ ಮುಂದೆ ಹೋಗಿದ್ದೆ. ಅವರ ಜೀವನದ ಕಥೆ ತಿಳಿದದ್ದು ನಾನೂ ಪಾಠ ಹೇಳತೊಡಗಿದ ಮೇಲೆ. ಅವರ ಹೆಸರು ವಿಲಿಯಂ ಎಂಪ್ಸನ್. 20ನೇ ಶತಮಾನದ ಇಂಗ್ಲಿಷ್ ಸಾಹಿತ್ಯ ವಿಮರ್ಶೆಯಲ್ಲಿ ದೊಡ್ಡ ಹೆಸರು. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಆ ದೊಡ್ಡ ಹೆಸರಿನ ಬಗ್ಗೆ ಅಲ್ಲ. 1937ರಲ್ಲಿ ಚೀನಾ ದೇಶದಲ್ಲಿ ವಿದೇಶಿ ಅಧ್ಯಾಪಕರಾಗಿ ಅವರು ಆರಂಭಿಸಿದ ಒಂದು ಸೆಮಿಸ್ಟರಿನ ಬಗ್ಗೆ. ಆ ಸೆಮಿಸ್ಟರಿಗೆ ಕಾಲೇಜು ಕಟ್ಟಡವಿರಲಿಲ್ಲ, ಗ್ರಂಥಾಲಯವಿರಲಿಲ್ಲ, ಪಠ್ಯಪುಸ್ತಕವಂತೂ ಇರಲೇ ಇಲ್ಲ.

ಎಂಪ್ಸನ್ ಹುಟ್ಟಿದ್ದು 1906ರ ಸೆಪ್ಟೆಂಬರ್ 27ರಂದು, ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತ್ಯದ ಒಂದು ಜಮೀನ್ದಾರಿ ಮನೆತನದಲ್ಲಿ. ಒಂಬತ್ತನೇ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಓದಿನಲ್ಲಿ ಚುರುಕು. ವಿದ್ಯಾರ್ಥಿವೇತನ ಪಡೆದು ವಿಂಚೆಸ್ಟರ್ ಶಾಲೆಗೆ, ಅಲ್ಲಿಂದ ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜಿಗೆ ಹೋದರು. ನಮ್ಮ ವಿಜ್ಞಾನ ವಿಭಾಗದ ಮಕ್ಕಳು ಗಮನಿಸಬೇಕು: ಅವರು ಮೊದಲು ಓದಿದ್ದು ಗಣಿತ. ಆಮೇಲೆ ಸಾಹಿತ್ಯಕ್ಕೆ ಬಂದರು. ಅಲ್ಲಿ ಅವರಿಗೆ ಮಾರ್ಗದರ್ಶಕರಾಗಿ ಸಿಕ್ಕಿದವರು ಐ. ಎ. ರಿಚರ್ಡ್ಸ್. ರಿಚರ್ಡ್ಸ್ ಅವರಿಗಾಗಿ ಬರೆಯತೊಡಗಿದ ಪ್ರಬಂಧವೇ ಬೆಳೆದು 1930ರಲ್ಲಿ ಒಂದು ಪುಸ್ತಕವಾಯಿತು. ಕಾವ್ಯದಲ್ಲಿ ಬರುವ ಏಳು ಬಗೆಯ ಅನೇಕಾರ್ಥಗಳನ್ನು ಕುರಿತ ಪುಸ್ತಕ ಅದು. ಆಗ ಅವರ ವಯಸ್ಸು 24.

ಆ ಪುಸ್ತಕದಲ್ಲಿ ಏನಿದೆ ಎಂದು ನೀವು ಕೇಳಬಹುದು. ಕನ್ನಡ ತರಗತಿಯಲ್ಲಿ ಶ್ಲೇಷೆ ಓದಿದವರಿಗೆ ಅದು ಅಷ್ಟೇನೂ ಕಷ್ಟವಲ್ಲ. ನೆರೆ ಎಂಬ ಪದವನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಹೊಳೆಗೆ ಬರುವುದೂ ನೆರೆ, ಪಕ್ಕದ ಮನೆಯೂ ನೆರೆ, ವಯಸ್ಸಾದಾಗ ತಲೆಗೆ ಬರುವುದೂ ನೆರೆ. ಒಬ್ಬ ಕವಿ ನೆರೆ ಬಂತು ಎಂದು ಬರೆದರೆ ಯಾವ ನೆರೆ? ಬಹುಶಃ ಒಂದಕ್ಕಿಂತ ಹೆಚ್ಚು. ಆ ಅರ್ಥಗಳೆಲ್ಲ ಒಟ್ಟಿಗೆ ಕೆಲಸ ಮಾಡುವುದರಿಂದಲೇ ಸಾಲಿಗೆ ಶಕ್ತಿ ಬರುತ್ತದೆ ಎಂದು ಎಂಪ್ಸನ್ ಇಂಗ್ಲಿಷ್ ಕವಿತೆಗಳ ಒಂದೊಂದೇ ಸಾಲನ್ನು ಬಿಡಿಸಿ ತೋರಿಸಿದರು. ಕವಿತೆಯ ಸಾರಾಂಶ ಬರೆದರೆ ಸಾಕು ಎಂದುಕೊಂಡವರಿಗೆ ಅದು ದೊಡ್ಡ ಪಾಠವಾಗಿತ್ತು.

ಪುಸ್ತಕ ಹೊರಬರುವ ಹೊತ್ತಿಗೆ ಲೇಖಕರು ಕೇಂಬ್ರಿಜ್‌ನಲ್ಲಿರಲಿಲ್ಲ. 1929ರಲ್ಲಿ ಅವರಿಗೆ ಅದೇ ಕಾಲೇಜಿನಲ್ಲಿ ಫೆಲೋಶಿಪ್ ಸಿಕ್ಕಿತ್ತು. ಆದರೆ ಅವರ ಖಾಸಗಿ ಬದುಕಿಗೆ ಸಂಬಂಧಿಸಿದ ಒಂದು ಶಿಸ್ತಿನ ವಿಷಯದಲ್ಲಿ ಕಾಲೇಜು ಆ ಫೆಲೋಶಿಪ್ಪನ್ನು ಹಿಂತೆಗೆದುಕೊಂಡು, ಅವರ ಹೆಸರನ್ನೇ ದಾಖಲೆಯಿಂದ ತೆಗೆದುಹಾಕಿತು. ಇಂಗ್ಲೆಂಡಿನಲ್ಲಿ ಅಧ್ಯಾಪಕರಾಗುವ ದಾರಿ ಅಲ್ಲಿಗೆ ಮುಚ್ಚಿದಂತಾಯಿತು. ಲಂಡನ್ನಿನಲ್ಲಿ ಬರೆದು ಬದುಕಲು ನೋಡಿದರು. 1931ರಿಂದ 1934ರವರೆಗೆ ಜಪಾನಿನ ಟೋಕಿಯೋದಲ್ಲಿ ಪಾಠ ಹೇಳಿದರು. ಮತ್ತೆ ಲಂಡನ್ನಿಗೆ ಬಂದರು. 1937ರಲ್ಲಿ ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಗುರು ರಿಚರ್ಡ್ಸ್ ಕೂಡ ಆಗ ಇಂಗ್ಲಿಷ್ ಕಲಿಕೆಯ ಯೋಜನೆಯೊಂದಕ್ಕಾಗಿ ಚೀನಾದಲ್ಲಿದ್ದರು. ಸೈಬೀರಿಯಾದ ಮೂಲಕ ರೈಲು ಹಿಡಿದು ಎಂಪ್ಸನ್ ಹೊರಟರು.

ಅಷ್ಟರಲ್ಲಿ ಅಲ್ಲಿ ಯುದ್ಧ ಆರಂಭವಾಗಿತ್ತು. 1937ರ ಜುಲೈ 7ರಂದು ಪೀಕಿಂಗ್ ಸಮೀಪದ ಮಾರ್ಕೋ ಪೋಲೋ ಸೇತುವೆಯ ಬಳಿ ಜಪಾನಿ ಮತ್ತು ಚೀನಿ ಸೈನಿಕರ ನಡುವೆ ಗುಂಡಿನ ಚಕಮಕಿ ನಡೆಯಿತು. ತಿಂಗಳು ಮುಗಿಯುವುದರೊಳಗೆ ಪೀಕಿಂಗ್ ನಗರ ಜಪಾನಿನ ಕೈಸೇರಿತು. ಟಿಯಾನ್‌ಜಿನ್ ನಗರದಲ್ಲಿದ್ದ ನಾನ್‌ಕಾಯ್ ವಿಶ್ವವಿದ್ಯಾಲಯದ ಮೇಲೆ ಬಾಂಬ್ ಬಿತ್ತು. ಅಧ್ಯಾಪಕರು ಸೇರಬೇಕಾಗಿದ್ದ ವಿಶ್ವವಿದ್ಯಾಲಯವೇ ಊರು ಬಿಟ್ಟು ಹೊರಡುವಂತಾಗಿತ್ತು. ಪೀಕಿಂಗ್, ತ್ಸಿಂಗ್‌ಹುವಾ, ನಾನ್‌ಕಾಯ್ ಈ ಮೂರೂ ವಿಶ್ವವಿದ್ಯಾಲಯಗಳು ಸೇರಿ ದಕ್ಷಿಣದ ಹುನಾನ್ ಪ್ರಾಂತ್ಯದ ಚಾಂಗ್‌ಶಾ ನಗರದಲ್ಲಿ ಒಂದು ತಾತ್ಕಾಲಿಕ ವಿಶ್ವವಿದ್ಯಾಲಯ ತೆರೆಯುವುದೆಂದು ನಿರ್ಧಾರವಾಯಿತು. ವಿದ್ಯಾರ್ಥಿಗಳು, ಅಧ್ಯಾಪಕರು ಸಿಕ್ಕ ದಾರಿಯಲ್ಲಿ, ಸಿಕ್ಕ ವಾಹನದಲ್ಲಿ ಅಲ್ಲಿಗೆ ಬಂದು ಸೇರತೊಡಗಿದರು.

ಈ ಘಟ್ಟದಲ್ಲಿ ನಾನು ಸ್ವಲ್ಪ ನಿಂತು ಯೋಚಿಸುತ್ತೇನೆ. ಎಂಪ್ಸನ್ ಬ್ರಿಟಿಷ್ ಪ್ರಜೆ. ಅದು ಅವರ ದೇಶವಲ್ಲ, ಅವರ ಯುದ್ಧವೂ ಅಲ್ಲ. ಅವರಿಗೆ ಚೀನಿ ಭಾಷೆ ಬರುತ್ತಿರಲಿಲ್ಲ. ಕೆಲಸ ಕೊಟ್ಟ ಸಂಸ್ಥೆ ತನ್ನ ಊರಿನಲ್ಲೇ ಇಲ್ಲ. ಬಂದ ದಾರಿಗೆ ಸುಂಕವಿಲ್ಲ ಎಂದು ಮರಳಿ ಹೋಗಿದ್ದರೆ ಯಾರೂ ದೂರುತ್ತಿರಲಿಲ್ಲ. ಅವರು ಮರಳಲಿಲ್ಲ. ತಮ್ಮ ವಿಶ್ವವಿದ್ಯಾಲಯ ಎಲ್ಲಿದೆಯೆಂದು ಹುಡುಕಿಕೊಂಡು ಚಾಂಗ್‌ಶಾಗೆ ಹೋದರು.

ಚಾಂಗ್‌ಶಾದಲ್ಲಿ ಎಲ್ಲರಿಗೂ ಜಾಗ ಸಾಲಲಿಲ್ಲ. ಕಲಾ ವಿಭಾಗವನ್ನು ಊರಿನಿಂದ ದೂರ, ನಾನ್‌ಯುವೆ ಎಂಬಲ್ಲಿಗೆ ಕಳುಹಿಸಿದರು. ಅದು ಚೀನಾದ ಐದು ಪವಿತ್ರ ಪರ್ವತಗಳಲ್ಲಿ ದಕ್ಷಿಣದ್ದು. ಮಂಜು, ಮಳೆ, ಚಳಿ, ಬೆಟ್ಟ ಹತ್ತುವ ಯಾತ್ರಿಕರು. ಅಲ್ಲಿದ್ದ ಒಂದು ಬೈಬಲ್ ಶಾಲೆಯ ಕಟ್ಟಡಗಳಲ್ಲಿ ತರಗತಿ, ವಾಸ ಎರಡೂ. 1937ರ ನವೆಂಬರಿನಲ್ಲಿ ಹೊಸ ಸೆಮಿಸ್ಟರ್ ಆರಂಭವಾಯಿತು. ಪೀಕಿಂಗಿನ ದೊಡ್ಡ ದೊಡ್ಡ ಪ್ರಾಧ್ಯಾಪಕರು ಅಲ್ಲಿದ್ದರು. ತತ್ವಶಾಸ್ತ್ರದ ಫೆಂಗ್ ಯೂಲಾನ್ ಅವರು ತಮ್ಮ ಒಂದು ಮುಖ್ಯ ಗ್ರಂಥವನ್ನು ಆ ಬೆಟ್ಟದ ಮೇಲೆಯೇ ಬರೆದರು. ಎಂಪ್ಸನ್ ಕೂಡ ಆ ಶರತ್ಕಾಲದ ಬಗ್ಗೆ ಒಂದು ದೀರ್ಘ ಕವಿತೆ ಬರೆದಿದ್ದಾರೆ.

ಗ್ರಂಥಾಲಯಗಳು ಉತ್ತರದಲ್ಲಿ, ಶತ್ರುವಿನ ವಶದಲ್ಲಿ ಉಳಿದಿದ್ದವು. ಎಂಪ್ಸನ್ ಪಾಠ ಮಾಡಬೇಕಾಗಿದ್ದದ್ದು ಶೇಕ್ಸ್‌ಪಿಯರ್ ಮತ್ತು ಇಂಗ್ಲಿಷ್ ಕಾವ್ಯ. ಕೈಯಲ್ಲಿ ಪಠ್ಯವಿಲ್ಲ. ಅವರ ಬಳಿ ಇದ್ದದ್ದು ನೆನಪು, ಒಂದು ಟೈಪ್‌ರೈಟರ್, ಕಪ್ಪುಹಲಗೆ, ಸೀಮೆಸುಣ್ಣ. ಕವಿತೆಗಳನ್ನು ನೆನಪಿನಿಂದಲೇ ಹಲಗೆಯ ಮೇಲೆ ಬರೆದರು. ನೆನಪಿನಿಂದಲೇ ಟೈಪ್ ಮಾಡಿ ವಿದ್ಯಾರ್ಥಿಗಳಿಗೆ ಕೊಟ್ಟರು. ಶೇಕ್ಸ್‌ಪಿಯರನ ‘ಒಥೆಲೊ’ ನಾಟಕವನ್ನು ಅವರು ಹಾಗೆ ಟೈಪ್ ಮಾಡಿ ಪಾಠ ಹೇಳಿದರೆಂದು ವಿದ್ಯಾರ್ಥಿಗಳು ಮುಂದೆ ವರ್ಷಾನುಗಟ್ಟಲೆ ನೆನಪಿಸಿಕೊಳ್ಳುತ್ತಿದ್ದರು. ಬಾಯಿಂದ ಬಾಯಿಗೆ ಹೋಗುತ್ತ ಕಥೆ ಸ್ವಲ್ಪ ಬೆಳೆದೂ ಇರಬಹುದು. ಆದರೆ ಆ ಸೆಮಿಸ್ಟರಿನ ಪಾಠ ನಡೆದದ್ದು ಹೆಚ್ಚಾಗಿ ನೆನಪಿನ ಬಲದ ಮೇಲೆ ಎಂಬುದರಲ್ಲಿ ಸಂಶಯವಿಲ್ಲ. ಅವರ ಚೀನಿ ಸಹೋದ್ಯೋಗಿಗಳಿಗೂ ಇದು ಹೊಸದಲ್ಲ. ಹಳೆಯ ಕ್ರಮದಲ್ಲಿ ಓದಿದ ಚೀನಿ ವಿದ್ವಾಂಸರು ತಮ್ಮ ಪ್ರಾಚೀನ ಗ್ರಂಥಗಳನ್ನು ಎಳವೆಯಲ್ಲೇ ಕಂಠಪಾಠ ಮಾಡಿದವರು.

ಅವರು ಮಾತಿನ ಮಲ್ಲರೇನೂ ಆಗಿರಲಿಲ್ಲ. ಅವರ ಇಂಗ್ಲಿಷ್ ಉಚ್ಚಾರಣೆ ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುತ್ತಿರಲಿಲ್ಲ. ಸಂಕೋಚದ ಸ್ವಭಾವ, ಹಲಗೆಯ ಕಡೆಗೆ ತಿರುಗಿ ಬರೆಯುತ್ತಲೇ ಇರುತ್ತಿದ್ದರು. ಆದರೆ ಆ ಬರವಣಿಗೆಯೇ ವಿದ್ಯಾರ್ಥಿಗಳಿಗೆ ವರವಾಯಿತು. ಕೇಳಿ ಅರ್ಥವಾಗದ್ದು ನೋಡಿ ಅರ್ಥವಾಯಿತು. ಹಲಗೆಯ ಮೇಲಿನ ಸಾಲುಗಳನ್ನು ಅವರು ತಮ್ಮ ನೋಟ್‌ಪುಸ್ತಕಕ್ಕೆ ಇಳಿಸಿಕೊಂಡರು. ಮುದ್ರಿತ ಪುಸ್ತಕವಿಲ್ಲದ ಕಡೆ ವಿದ್ಯಾರ್ಥಿಯ ನೋಟ್‌ಪುಸ್ತಕವೇ ಪಠ್ಯವಾಯಿತು. ಎಂಪ್ಸನ್ ಅವರಲ್ಲಿ ದೋಷಗಳೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಕುಡಿತದ ಚಟವಿತ್ತು, ಬದುಕಿನಲ್ಲಿ ಅಚ್ಚುಕಟ್ಟು ಇರಲಿಲ್ಲ. ಅದನ್ನು ಬಿಟ್ಟು, ಕೊಟ್ಟ ಕೆಲಸದ ಮೇಲಿನ ನಿಷ್ಠೆಯನ್ನಷ್ಟೇ ನಾವು ಅವರಿಂದ ತೆಗೆದುಕೊಳ್ಳೋಣ.

ಇನ್ನೊಂದು ಪ್ರಶ್ನೆ ಆ ಬೆಟ್ಟದ ಮೇಲೆ ಎಲ್ಲರ ಮನಸ್ಸಿನಲ್ಲೂ ಇತ್ತು. 1937ರ ಡಿಸೆಂಬರ್ 13ರಂದು ರಾಜಧಾನಿ ನಾನ್‌ಜಿಂಗ್ ಶತ್ರುವಿನ ಕೈಗೆ ಬಿತ್ತು. ಅಲ್ಲಿ ನಡೆದ ಕ್ರೌರ್ಯ ಇತಿಹಾಸದ ಪುಸ್ತಕಗಳಲ್ಲಿದೆ. ದೇಶ ಹೊತ್ತಿ ಉರಿಯುತ್ತಿರುವಾಗ ಬೆಟ್ಟದ ಮೇಲೆ ಕುಳಿತು ಶೇಕ್ಸ್‌ಪಿಯರ್ ಓದುವುದು ಸರಿಯೇ? ಹಲವು ವಿದ್ಯಾರ್ಥಿಗಳು ಸರಿಯಲ್ಲ ಎಂದುಕೊಂಡರು. ತರಗತಿ ಬಿಟ್ಟು ಸೈನ್ಯಕ್ಕೆ, ಯುದ್ಧದ ಇತರ ಕೆಲಸಗಳಿಗೆ ಹೋದರು. ಉಳಿದವರು, ಯುದ್ಧ ಮುಗಿದ ಮೇಲೆ ದೇಶ ಕಟ್ಟಲು ಓದಿದವರು ಬೇಕಲ್ಲವೇ ಎಂದು ಯೋಚಿಸಿದರು. ಎರಡೂ ಕಡೆ ಪ್ರಾಮಾಣಿಕರಿದ್ದರು. ಇದರಲ್ಲಿ ಯಾರು ಸರಿ ಎಂದು ನನ್ನಂಥವರು ಇಷ್ಟು ದೂರ ಕುಳಿತು ತೀರ್ಪು ಹೇಳುವುದು ಸುಲಭವಲ್ಲ. ಆದರೆ ಓದಲು ಉಳಿದವರಿಗೆ ಓದು ಕಾಲಹರಣದ ಕೆಲಸವಾಗಿರಲಿಲ್ಲ ಎಂಬುದನ್ನು ಬಲ್ಲೆ. ಗೆಳೆಯರು ಯುದ್ಧಭೂಮಿಯಲ್ಲಿರುವಾಗ ತರಗತಿಯಲ್ಲಿ ಕೂರುವವನು ನಿದ್ದೆ ಮಾಡಲಾರ.

1938ರ ಆರಂಭದಲ್ಲಿ ಚಾಂಗ್‌ಶಾ ಕೂಡ ಸುರಕ್ಷಿತವಲ್ಲ ಎನಿಸಿತು. ವಿಶ್ವವಿದ್ಯಾಲಯ ಮತ್ತೆ ಗಂಟುಮೂಟೆ ಕಟ್ಟಿತು. ಈ ಬಾರಿ ನೈಋತ್ಯದ ತುದಿಯ ಯುನ್ನಾನ್ ಪ್ರಾಂತ್ಯಕ್ಕೆ. ಕೆಲವರು ಹಾಂಗ್‌ಕಾಂಗ್‌ಗೆ ಹೋಗಿ, ಹಡಗಿನಲ್ಲಿ ವಿಯೆಟ್ನಾಮಿನ ಹೈಫಾಂಗ್ ತಲುಪಿ, ಅಲ್ಲಿಂದ ರೈಲಿನಲ್ಲಿ ಸಾಗಿದರು. ಸುಮಾರು 300 ವಿದ್ಯಾರ್ಥಿಗಳು ಕೆಲವು ಅಧ್ಯಾಪಕರೊಂದಿಗೆ ಕಾಲ್ನಡಿಗೆಯಲ್ಲೇ ಹೊರಟರು. ಕವಿ ಮತ್ತು ಪ್ರಾಧ್ಯಾಪಕ ವೆನ್ ಯಿದುವೊ ಅವರೊಂದಿಗೆ ನಡೆದರು. ಫೆಬ್ರವರಿಯಲ್ಲಿ ಹೊರಟವರು ಯುನ್ನಾನಿನ ಕುನ್ಮಿಂಗ್ ನಗರ ಸೇರಿದ್ದು ಏಪ್ರಿಲ್ ಕೊನೆಗೆ. 68 ದಿನ, ಸುಮಾರು 1600 ಕಿಲೋಮೀಟರ್ ದೂರ.

ಹಾಗೆ ನಡೆದವರಲ್ಲಿ ಝಾ ಲಿಯಾಂಗ್‌ಝೆಂಗ್ ಎಂಬ ವಿದ್ಯಾರ್ಥಿಯೂ ಇದ್ದ. 1918ರಲ್ಲಿ ಹುಟ್ಟಿದ ಇಪ್ಪತ್ತರ ಹುಡುಗ. ಅವನ ಬಳಿ ಒಂದು ಇಂಗ್ಲಿಷ್-ಚೀನಿ ನಿಘಂಟಿತ್ತು. ನಡೆಯುತ್ತಾ ಒಂದು ಪುಟ ಬಾಯಿಪಾಠ ಮಾಡುವುದು, ಬಂದ ಮೇಲೆ ಆ ಪುಟವನ್ನು ಹರಿದುಹಾಕುವುದು. ದಾರಿ ಮುಗಿಯುವ ಹೊತ್ತಿಗೆ ನಿಘಂಟೂ ಮುಗಿಯುತ್ತಾ ಬಂದಿತ್ತು ಎಂದು ಅವನ ಜೊತೆಗಾರರು ನೆನಪಿಸಿಕೊಂಡಿದ್ದಾರೆ. ಪುಸ್ತಕ ಹರಿಯಬಾರದು ಎಂದು ಗ್ರಂಥಪಾಲಕರು ನಿಮಗೆ ಹೇಳಿರುತ್ತಾರೆ, ಅದು ಸರಿಯೇ. ಆದರೆ ಒಮ್ಮೆ ಓದಿದ ಪುಟ ಮತ್ತೆ ಬೇಕಾಗುವುದಿಲ್ಲ ಎಂಬ ಧೈರ್ಯದಲ್ಲಿ ಓದುವುದಿದೆಯಲ್ಲ, ಅದನ್ನು ನಾನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಎಂಪ್ಸನ್ ಕಾಲ್ನಡಿಗೆಯ ತಂಡದಲ್ಲಿ ಇರಲಿಲ್ಲ. ಆದರೆ ಯುನ್ನಾನಿನಲ್ಲಿ ಮತ್ತೆ ತರಗತಿಗೆ ಹಾಜರಾದರು. ಕಲಾ ವಿಭಾಗಕ್ಕೆ ಮೊದಲು ಮೆಂಗ್‌ಜಿ ಎಂಬ ಸಣ್ಣ ಊರಿನಲ್ಲಿ ಜಾಗ ಸಿಕ್ಕಿತು. ಹಳೆಯ ಸುಂಕದ ಕಚೇರಿಯ ಆವರಣದಲ್ಲಿ ಪಾಠ. ಕೆಲವು ತಿಂಗಳಲ್ಲಿ ಅಲ್ಲಿಂದ ಕುನ್ಮಿಂಗ್‌ಗೆ. ಒಂದು ವರ್ಷದೊಳಗೆ ಮೂರನೇ ಊರು, ಮೂರನೇ ಆರಂಭ. 1938ರ ಸೆಪ್ಟೆಂಬರಿನಿಂದ ಕುನ್ಮಿಂಗ್ ಮೇಲೂ ವಿಮಾನ ದಾಳಿ ಶುರುವಾಯಿತು. ಆ ದಿನಗಳಲ್ಲೇ ಎಂಪ್ಸನ್ ಆಧುನಿಕ ಇಂಗ್ಲಿಷ್ ಕಾವ್ಯವನ್ನು ಪಾಠ ಮಾಡಿದರು. ಹಾಪ್ಕಿನ್ಸ್, ಯೇಟ್ಸ್, ಎಲಿಯಟ್, ಆಡೆನ್. ಆಡೆನ್ ಆಗಿನ್ನೂ ಮೂವತ್ತರ ಆಸುಪಾಸಿನ ಕವಿ. ಎಂಪ್ಸನ್ ಅವರಿಗಿಂತ ಕಿರಿಯ. ಅಂಥ ಹೊಸ ಕವಿಯನ್ನು, ಬಾಂಬಿನ ಭಯದ ನಡುವೆ, ಯುನ್ನಾನಿನ ವಿದ್ಯಾರ್ಥಿಗಳು ಓದಿದರು. ಯುದ್ಧಕಾಲದ ಈ ವಿಶ್ವವಿದ್ಯಾಲಯ 1946ರವರೆಗೆ ಅಲ್ಲಿಯೇ ನಡೆಯಿತು. 1957ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಯಾಂಗ್ ಚೆನ್-ನಿಂಗ್ ಮತ್ತು ತ್ಸುಂಗ್-ದಾವೊ ಲೀ ಇಬ್ಬರೂ ಅಲ್ಲಿ ಓದಿದವರು.

ಮುಂದೆ ಎಂಪ್ಸನ್ ಇಂಗ್ಲೆಂಡಿಗೆ ಮರಳಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಿಬಿಸಿಯಲ್ಲಿ ಕೆಲಸ ಮಾಡಿದರು. ಅಲ್ಲಿ ಲೇಖಕ ಜಾರ್ಜ್ ಆರ್ವೆಲ್ ಅವರ ಸಹೋದ್ಯೋಗಿ. ಆರ್ವೆಲ್ ಭಾರತದ ಕೇಳುಗರಿಗಾಗಿ 1942ರಲ್ಲಿ ನಡೆಸಿದ ಸಾಹಿತ್ಯದ ಕಾರ್ಯಕ್ರಮದಲ್ಲಿ ಎಂಪ್ಸನ್ ಭಾಗವಹಿಸಿದ್ದಾರೆ. 1941ರಲ್ಲಿ ದಕ್ಷಿಣ ಆಫ್ರಿಕಾದ ಶಿಲ್ಪಿ ಹೆಟ್ಟಾ ಕ್ರೌಸ್ ಅವರನ್ನು ಮದುವೆಯಾದರು. ಯುದ್ಧ ಮುಗಿಯಿತು. ಲಂಡನ್ನಿನಲ್ಲೇ ನೆಲೆಯೂರಬಹುದಿತ್ತು. 1947ರಲ್ಲಿ ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮತ್ತೆ ಚೀನಾಕ್ಕೆ ಹೊರಟರು. ಹತ್ತು ವರ್ಷದ ಹಿಂದೆ ಸೇರಬೇಕಾಗಿದ್ದ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ, ಅದರ ಸ್ವಂತ ಊರಿನಲ್ಲಿ, ಈಗ ಪಾಠ ಆರಂಭಿಸಿದರು.

ಅಲ್ಲಿಯೂ ನೆಮ್ಮದಿ ಸಿಗಲಿಲ್ಲ. ಅಂತರ್ಯುದ್ಧ ನಡೆಯುತ್ತಿತ್ತು. ಬೆಲೆಗಳು ಹುಚ್ಚೆದ್ದು ಏರುತ್ತಿದ್ದವು. ಬೆಳಿಗ್ಗೆಯ ಸಂಬಳಕ್ಕೆ ಸಂಜೆ ಬೆಲೆಯಿಲ್ಲ. 1948ರ ಡಿಸೆಂಬರಿನಲ್ಲಿ ಕಮ್ಯುನಿಸ್ಟ್ ಸೈನ್ಯ ನಗರಕ್ಕೆ ಮುತ್ತಿಗೆ ಹಾಕಿತು. 1949ರ ಜನವರಿ ಕೊನೆಯಲ್ಲಿ ನಗರ ಶರಣಾಯಿತು. ಮುತ್ತಿಗೆಯ ದಿನಗಳಲ್ಲೂ ಎಂಪ್ಸನ್ ಪಾಠ ನಿಲ್ಲಿಸಲಿಲ್ಲ. ಅಕ್ಟೋಬರ್ 1ರಂದು ಹೊಸ ಗಣರಾಜ್ಯದ ಘೋಷಣೆಯಾಯಿತು. ಆ ಮೇಲೂ ಅವರು 1952ರವರೆಗೆ ಅಲ್ಲಿಯೇ ಇದ್ದರು. ಪದಗಳ ಅರ್ಥದ ಬಗೆಗಿನ ಅವರ ಇನ್ನೊಂದು ದೊಡ್ಡ ಗ್ರಂಥ 1951ರಲ್ಲಿ ಪ್ರಕಟವಾಯಿತು.

1953ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರಾಗಿ ನೇಮಿಸಿತು. 1971ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿ ದುಡಿದರು. 1979ರಲ್ಲಿ ಸರ್ ಪದವಿ ಬಂತು. ಐವತ್ತು ವರ್ಷಗಳ ಹಿಂದೆ ಅವರ ಹೆಸರನ್ನು ತೆಗೆದುಹಾಕಿದ್ದ ಮ್ಯಾಗ್ಡಲೀನ್ ಕಾಲೇಜು ಅದೇ ವರ್ಷ ಅವರನ್ನು ಗೌರವ ಫೆಲೋ ಆಗಿ ಆರಿಸಿತು. 1984ರ ಏಪ್ರಿಲ್ 15ರಂದು ತೀರಿಕೊಂಡರು.

ಒಬ್ಬ ಅಧ್ಯಾಪಕರ ಬದುಕನ್ನು ಅವರ ಪ್ರಶಸ್ತಿಗಳಿಗಿಂತ ಅವರ ವಿದ್ಯಾರ್ಥಿಗಳಲ್ಲಿ ನೋಡಬೇಕು ಎಂಬುದು ನನ್ನ ನಂಬಿಕೆ. ಎಂಪ್ಸನ್ ಪಾಠ ಕೇಳಿದವರಲ್ಲಿ ವಾಂಗ್ ಝುವೊಲಿಯಾಂಗ್ ಚೀನಾದಲ್ಲಿ ಇಂಗ್ಲಿಷ್ ಸಾಹಿತ್ಯದ ಹಿರಿಯ ವಿದ್ವಾಂಸರಾದರು. ಷೂ ಗುವೊಝಾಂಗ್ ಬರೆದ ಇಂಗ್ಲಿಷ್ ಪಠ್ಯಪುಸ್ತಕಗಳಿಂದ ಚೀನಾದ ತಲೆಮಾರುಗಳೇ ಆ ಭಾಷೆ ಕಲಿತವು. ಪುಸ್ತಕವಿಲ್ಲದ ತರಗತಿಯಲ್ಲಿ ಓದಿದವರು ದೇಶಕ್ಕೇ ಪಠ್ಯಪುಸ್ತಕ ಬರೆದುಕೊಟ್ಟರು.

ನಿಘಂಟು ಹರಿದ ಹುಡುಗ ಝಾ ಲಿಯಾಂಗ್‌ಝೆಂಗ್, ಮು ದಾನ್ ಎಂಬ ಕಾವ್ಯನಾಮದಲ್ಲಿ ಆಧುನಿಕ ಚೀನಿ ಕಾವ್ಯದ ಮುಖ್ಯ ಕವಿಯಾದ. 1942ರಲ್ಲಿ ದುಭಾಷಿಯಾಗಿ ಸೈನ್ಯ ಸೇರಿ ಬರ್ಮಾಕ್ಕೆ ಹೋದ. ಸೋತ ಸೈನ್ಯದೊಂದಿಗೆ ಅಲ್ಲಿನ ಕಾಡು ದಾಟುವಾಗ ಜೊತೆಗಾರರು ಹಸಿವು, ರೋಗದಿಂದ ಸಾಯುವುದನ್ನು ಕಂಡ. ಬದುಕುಳಿದು ನಮ್ಮ ಭಾರತವನ್ನು ತಲುಪಿದ. ಮುಂದೆ ಅಮೆರಿಕದಲ್ಲಿ ಓದಿ 1953ರಲ್ಲಿ ತಾಯ್ನಾಡಿಗೆ ಮರಳಿದ. 1958ರಲ್ಲಿ ಆತನನ್ನು ಕ್ರಾಂತಿಯ ವಿರೋಧಿ ಎಂದು ಹೆಸರಿಸಿ ಪಾಠದಿಂದ ತೆಗೆದು ಗ್ರಂಥಾಲಯದ ಕೆಲಸಕ್ಕೆ ಹಾಕಿದರು. ಸ್ವಂತ ಕವಿತೆ ಪ್ರಕಟಿಸುವ ದಾರಿ ಮುಚ್ಚಿತು. ಆಗ ಆತ ಅನುವಾದಕ್ಕೆ ಕೂತ. ಬೈರನ್ ಕವಿಯ ‘ಡಾನ್ ಜುವಾನ್’ ಎಂಬ ಬೃಹತ್ ಕಾವ್ಯವನ್ನು ಚೀನಿ ಭಾಷೆಗೆ ತಂದ. 1977ರಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅದು ಅಚ್ಚಾಗಿರಲಿಲ್ಲ, ಪ್ರಕಟವಾದದ್ದು 1980ರಲ್ಲಿ. ಸ್ಥಾನ ಹೋಯಿತು, ಹೆಸರು ಹೋಯಿತು, ಆದರೆ ದಾರಿಯಲ್ಲಿ ಬಾಯಿಪಾಠ ಮಾಡಿದ ಭಾಷೆಯನ್ನು ಯಾರೂ ಕಿತ್ತುಕೊಳ್ಳಲಾಗಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಉರು ಹೊಡೆಯಿರಿ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಗಿಳಿಪಾಠದಿಂದ ಎಂಪ್ಸನ್ ಅವರಂಥ ಅಧ್ಯಾಪಕ ಹುಟ್ಟುವುದಿಲ್ಲ. ಒಂದು ಸಾಲಿನ ಮುಂದೆ ನಿಂತು, ಈ ಪದಕ್ಕೆ ಇಲ್ಲಿ ಎಷ್ಟು ಅರ್ಥ, ಯಾಕೆ ಈ ಪದವೇ ಬಂತು ಎಂದು ಕೇಳುತ್ತಾ ಓದಿದ್ದರಿಂದ ಆ ಸಾಲು ಅವರಲ್ಲಿ ಉಳಿಯಿತು. ಪ್ರಶ್ನೆ ಕೇಳಿ ಓದಿದ್ದು ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ತುಂಬಿಕೊಂಡದ್ದು ಉತ್ತರ ಪತ್ರಿಕೆಯೊಂದಿಗೇ ಹೊರಟುಹೋಗುತ್ತದೆ. ಇಂದು ಬೇಕಾದ ಪುಸ್ತಕ ಮೊಬೈಲಿನಲ್ಲಿ ಸಿಗುತ್ತದೆ; ಅದು ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಮೊಬೈಲಿನಲ್ಲಿ ಇರುವುದೆಲ್ಲ ನಮಗೆ ಗೊತ್ತಿದೆ ಎಂಬ ಭ್ರಮೆಯೊಂದು ನಮ್ಮೆಲ್ಲರಿಗೂ ಅಂಟಿಕೊಂಡಿದೆ. ಚಾರ್ಜ್ ಮುಗಿದಾಗ ನಮ್ಮಲ್ಲಿ ಎಷ್ಟು ಉಳಿಯುತ್ತದೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಅದಕ್ಕೇ ಈ ವರ್ಷ ನನ್ನ ತರಗತಿಗಳಲ್ಲಿ ಒಂದು ಸಣ್ಣ ಪ್ರಯೋಗ ಮಾಡಬೇಕೆಂದಿದ್ದೇನೆ. ತಿಂಗಳಿಗೆ ಒಂದು ದಿನ ಪುಸ್ತಕವನ್ನು ಚೀಲದಲ್ಲಿಟ್ಟು ಪಾಠ. ನೀವು ಓದಿದ ಕವಿತೆಯನ್ನು ನೆನಪಿನಿಂದ ಹಲಗೆಯ ಮೇಲೆ ಬರೆಯಬೇಕು. ಒಬ್ಬರು ಮರೆತ ಸಾಲನ್ನು ಇನ್ನೊಬ್ಬರು ಸೇರಿಸಬಹುದು. ಬರೆದಾದ ಮೇಲೆ ಯಾವುದಾದರೂ ಒಂದು ಪದವನ್ನು ಹಿಡಿದು ಅದರ ಬಗ್ಗೆ ಜಗಳವಾಡೋಣ. ಇದಕ್ಕೆ ಅಂಕವಿಲ್ಲ, ಹಾಜರಾತಿಯ ಒತ್ತಾಯವಿಲ್ಲ. ವಿಜ್ಞಾನ, ವಾಣಿಜ್ಯ ವಿಭಾಗದವರೂ ಬರಬಹುದು. ಎಂಪ್ಸನ್ ಗಣಿತದಿಂದ ಬಂದವರು ಎಂಬುದನ್ನು ಮರೆಯಬೇಡಿ. ಅಧ್ಯಾಪಕ ಮಿತ್ರರಿಗೂ ಆಹ್ವಾನವಿದೆ. ಸೀಮೆಸುಣ್ಣ ನಾನು ತರುತ್ತೇನೆ.